ಮಗಳು ಹಾಲು ಬಿಟ್ಟಾಳ, ತಾಟಿನ್ಯಾಗ ಏನು ಹಾಕ್ಲಿ?



ಈ ಸಲ ಬಂದ ಕಾಗದಗಳಲ್ಲಿ ಒಂದನ್ನು ಬೇರೆಯಾಗಿ ಎತ್ತಿಟ್ಟುಕೊಂಡಿದ್ದೇನೆ. ಬರೆದವರು ಸೇಡಂ ತಾಲ್ಲೂಕಿನ ಆದಿತ್ಯನಗರದ ಒಬ್ಬ ತಾಯಿ. ಮಳಖೇಡದ ಹತ್ತಿರ ಸಿಮೆಂಟ್ ಕಾರ್ಖಾನೆಯವರು ಕಟ್ಟಿದ ವಸಾಹತು ಅದು. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ, ಹಾಕುವುದಿಲ್ಲ. ಅವರ ಮಾತಿನಲ್ಲೇ ಕೇಳಿ:

“ಅಕ್ಕಾರೆ, ನನ್ನ ಮಗಳು ಬೆಂಗಳೂರಾಗ ಓದಲಕತ್ತಾಳ. ಈ ಸಲ ದೀಪಾವಳಿಗಿ ಮನಿಗಿ ಬಂದಾಕಿ ಹಾಲು ಮುಟ್ಟಲಿಲ್ಲ, ಮೊಸರು ಬ್ಯಾಡ ಅಂದಳು, ಹೋಳಿಗಿ ಮ್ಯಾಲ ತುಪ್ಪ ಹಾಕಿದರ ತಾಟೇ ಸರಿಸಿದಳು. ‘ನಾ ವೀಗನ್ ಆಗೀನಿ’ ಅಂತಾಳ. ನಮ್ಮತ್ತಿಯವರು ‘ಹಾಲು ಬ್ಯಾಡಂದ್ರ ಲಕ್ಷ್ಮೀನೇ ಬ್ಯಾಡಂದಂಗ’ ಅಂತ ಅಳ್ತಾರ. ಅವರಪ್ಪ ಮಾತೇ ಬಿಟ್ಟಾರ. ನನಗ ಒಂದೇ ಚಿಂತಿ: ಮೊದಲೇ ಕಡ್ಡಿ ಹಂಗ ಇದ್ದಾಳ, ಹಾಲು ಬಿಟ್ಟು ಎಲ್ಲಿ ನೆಲ ಹಿಡೀತಾಳೋ ಅಂತ. ಆಕೀನ ಬೈಬೇಕೋ, ಇಲ್ಲಾ ಬ್ಯಾರೆ ಅಡಗಿ ಮಾಡಬೇಕೋ, ಹೇಳ್ರಿ.”

ಇಂಥ ಚಿಂತೆ ಇವರೊಬ್ಬರದೇ ಅಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಯಾವ ಊರಿನ ಮನೆಗೂ ಇಂದು ಓದಲು, ದುಡಿಯಲು ಹೊರಗೆ ಹೋದ ಮಕ್ಕಳಿದ್ದಾರೆ. ಅವರು ರಜೆಗೆ ಬರುವಾಗ ಹೊಸ ವಿಚಾರವೊಂದನ್ನು ಜೊತೆಗೆ ತಂದೇ ತರುತ್ತಾರೆ. ಹಾಗಾಗಿ ಉತ್ತರವನ್ನು ಎಲ್ಲರಿಗೂ ಕೂಡಿಯೇ ಬರೆಯುತ್ತೇನೆ.

ಮೊದಲು ಧೈರ್ಯದ ಮಾತು. ಜೋಳದ ರೊಟ್ಟಿಯ ಮನೆಯಲ್ಲಿ ಈ ಊಟ ಶುರು ಮಾಡುವುದು ಕಷ್ಟದ ಕೆಲಸವೇ ಅಲ್ಲ. ನಮ್ಮ ತಾಟಿನ ಮುಕ್ಕಾಲು ಪಾಲು ಆಗಲೇ ಅದೇ ಆಗಿದೆ. ಆದರೆ ಒಂದೆರಡು ವಿಷಯದಲ್ಲಿ ಮೈಮರೆತರೆ ಮಾತ್ರ ನಿಜವಾಗಿಯೂ ತೊಂದರೆಯಾಗುತ್ತದೆ. ಅವನ್ನು ತಿಳಿದುಕೊಳ್ಳದೆ ಯಾರೂ ಮುಂದೆ ಹೆಜ್ಜೆ ಇಡಬೇಡಿ.

ಏನಿದು ವೀಗನ್?

ಮಾಂಸ, ಮೀನು, ಮೊಟ್ಟೆ ಬಿಟ್ಟವರನ್ನು ನಾವು ಸಸ್ಯಾಹಾರಿ ಅನ್ನುತ್ತೇವೆ. ವೀಗನ್ ಅಂದರೆ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ. ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ, ಖೋವಾ, ಪನೀರು, ಜೇನು, ಹೀಗೆ ಪ್ರಾಣಿಯಿಂದ ಬಂದದ್ದು ಯಾವುದೂ ಬೇಡ ಎನ್ನುವ ಪದ್ಧತಿ. ಈ ಶಬ್ದ ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಿನಲ್ಲಿ. ಡೊನಾಲ್ಡ್ ವಾಟ್ಸನ್ ಎಂಬವರೂ ಅವರ ಜೊತೆಗಾರರೂ ಸೇರಿ ವೀಗನ್ ಸೊಸೈಟಿ ಕಟ್ಟಿದರು. ನವೆಂಬರ್ 1 ನಮಗೆ ರಾಜ್ಯೋತ್ಸವ. 1994ರಿಂದ ಅದೇ ದಿನ ಅವರಿಗೆ ವಿಶ್ವ ವೀಗನ್ ದಿನ.

ಮಕ್ಕಳು ಹೀಗೇಕೆ ಮಾಡುತ್ತಾರೆ? ಅವರು ಕೊಡುವ ಕಾರಣ ಕೇಳಿದರೆ ತಳ್ಳಿಹಾಕುವಂಥದ್ದಲ್ಲ. ಆಕಳು, ಎಮ್ಮೆ ಹಾಲು ಕೊಡಬೇಕಾದರೆ ಈಯಬೇಕು. ಹುಟ್ಟಿದ್ದು ಗಂಡು ಕರುವಾದರೆ ಅದರ ಗತಿ ಏನು? ಮೊದಲಾದರೆ ಹೋರಿಗರು ನೇಗಿಲಿಗೆ, ಗಾಡಿಗೆ ಬೇಕಾಗುತ್ತಿತ್ತು. ಈಗ ಹೊಲಕ್ಕೆ ಟ್ರ್ಯಾಕ್ಟರ್ ಬಂದಿದೆ. ಕೋಣಗರುವನ್ನಂತೂ ಹಾಲು ಕುಡಿಸಿ ಸಾಕುವವರು ಕಡಿಮೆ. ಹಳ್ಳಿಯಲ್ಲಿ ಹುಟ್ಟಿ ಬೆಳೆದವರಿಗೆ ಇದು ಗೊತ್ತಿಲ್ಲದ ಮಾತೇನಲ್ಲ. ಇನ್ನು ಕೆಲವರು ಬಿಡುವುದು ಹೊಟ್ಟೆಯ ಕಾರಣಕ್ಕೆ. ಹಾಲಿನ ಸಕ್ಕರೆ ದೊಡ್ಡವರಲ್ಲಿ ಅನೇಕರಿಗೆ ಅರಗುವುದಿಲ್ಲ. ಕುಡಿದರೆ ಹೊಟ್ಟೆ ಉಬ್ಬುತ್ತದೆ, ಗುಡುಗುಡು ಅನ್ನುತ್ತದೆ.

ಹಾಗೆಂದು ಎಮ್ಮೆ ಕಟ್ಟಿ, ಡೈರಿಗೆ ಹಾಲು ಹಾಕಿ, ಆ ರೊಕ್ಕದಲ್ಲಿ ಮಕ್ಕಳ ಫೀಸು ತುಂಬುವ ಹೆಣ್ಣುಮಗಳನ್ನು ಯಾರೂ ಹಳಿಯಬಾರದು. ಎಷ್ಟೋ ಮನೆಗಳಲ್ಲಿ ಹೆಂಗಸಿನ ಕೈಗೆ ನೇರವಾಗಿ ಬರುವ ದುಡ್ಡು ಅದೊಂದೇ. ಮಗಳಿಗೆ ಈ ಮಾತನ್ನು ನೀವೂ ಹೇಳಿ. ತನ್ನ ತಾಟು ಬದಲಿಸಲು ಅವಳಿಗೆ ಅಧಿಕಾರವಿದೆ, ಪಕ್ಕದವರ ಕೊಟ್ಟಿಗೆಯನ್ನು ಜರಿಯಲು ಇಲ್ಲ.

ಹೊಸದೇನಲ್ಲ ಅತ್ತೆಮ್ಮಾ!

ಅತ್ತೆಯವರಿಗೆ ಒಂದು ಮಾತು. ಹಾಲು, ಮೊಸರು, ತುಪ್ಪ ಬಿಡುವುದು ಪರದೇಶದಿಂದ ಮೊನ್ನೆ ಬಂದ ಹುಚ್ಚು ಅಂತ ತಿಳಿಯಬೇಡಿ. ನಿಮ್ಮ ಮಗ್ಗುಲಲ್ಲೇ ಇರುವ ಮಳಖೇಡ ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. 9ನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗ ಅಲ್ಲಿಂದಲೇ ಆಳಿದ. ಜೈನ ಗುರುಗಳಿಗೆ, ಕವಿಗಳಿಗೆ ಅದು ದೊಡ್ಡ ನೆಲೆಯಾಗಿತ್ತು. ಇವತ್ತಿಗೂ ಅಲ್ಲಿ ನೇಮಿನಾಥ ಬಸದಿ ಇದೆ. ಜೈನರ ತಪಸ್ಸುಗಳಲ್ಲಿ ರಸಪರಿತ್ಯಾಗ ಎನ್ನುವುದು ಒಂದು. ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು ಈ ಆರು ರಸಗಳಲ್ಲಿ ಕೆಲವನ್ನೋ ಎಲ್ಲವನ್ನೋ ಬಿಡುವ ವ್ರತ ಅದು. ಅವರ ಕಾರಣ ಬೇರೆ, ನಿಮ್ಮ ಮೊಮ್ಮಗಳ ಕಾರಣ ಬೇರೆ. ಆದರೂ ಹಾಲಿಲ್ಲದ ಊಟವನ್ನು ವ್ರತವೆಂದು ಗೌರವಿಸಿದ ನೆಲ ನಮ್ಮದು. ಶ್ರಾವಣದಲ್ಲಿ ನೀವು ಏನಾದರೊಂದು ಬಿಟ್ಟರೆ ಮನೆಯವರೆಲ್ಲ ಅದಕ್ಕೆ ಹೊಂದಿಕೊಳ್ಳುವುದಿಲ್ಲವೇ? ಇದನ್ನೂ ಹಾಗೇ ತಿಳಿಯಿರಿ.

ದೇವರ ಮುಂದಿನ ಪ್ರಶ್ನೆಯನ್ನು ಸುಲಭ ಮಾಡಿಕೊಳ್ಳಬಹುದು. ದೀಪಕ್ಕೆ ಎಳ್ಳೆಣ್ಣೆ ಸಾಕು, ಶ್ರೇಷ್ಠವೂ ಹೌದು. ನೈವೇದ್ಯಕ್ಕೆ ಬೆಲ್ಲ, ಕೊಬ್ಬರಿ, ಬಾಳೆಹಣ್ಣು ಇದ್ದೇ ಇದೆ. ಪಂಚಾಮೃತ ಬೇಕೆನ್ನುವವರು ಮಾಡಲಿ. ಬೇಡವೆನ್ನುವ ಹುಡುಗಿ ಕಣ್ಣಿಗೆ ಒತ್ತಿಕೊಂಡು ಸುಮ್ಮನಿರಲಿ. ಇಷ್ಟಕ್ಕೆ ಹಬ್ಬದ ದಿನ ಮನೆ ಒಡೆಯಬಾರದು.

ತಾಟನ್ನು ಒಮ್ಮೆ ನೋಡಿ

ಈಗ ತಾಯಿಯ ನಿಜವಾದ ಚಿಂತೆಗೆ ಬರೋಣ. “ಹಾಲು ಬಿಟ್ಟರೆ ಶಕ್ತಿ ಎಲ್ಲಿಂದ?”

ನಿಮ್ಮ ದಿನದ ಊಟವನ್ನು ನೆನಪಿಸಿಕೊಳ್ಳಿ. ಬಿಸಿ ಜೋಳದ ರೊಟ್ಟಿ, ತೊಗರಿ ಬೇಳೆ ಸಾರು, ಪುಂಡಿ ಪಲ್ಯ ಇಲ್ಲವೆ ಮೆಂತ್ಯದ ಪಲ್ಯ, ಹೆಸರುಕಾಳಿನ ಉಸುಳಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಉಳ್ಳಾಗಡ್ಡಿ, ಸೌತಿಕಾಯಿ. ಇದರಲ್ಲಿ ಹಾಲೆಲ್ಲಿದೆ? ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಬುತ್ತಿ ಒಯ್ದು ಚರಗ ಚೆಲ್ಲುವಾಗ ಮಾಡುವ ಭಜ್ಜಿ ಪಲ್ಯ, ಸಜ್ಜಿ ರೊಟ್ಟಿ, ಎಳ್ಳು ಹೋಳಿಗೆ, ಶೇಂಗಾ ಹೋಳಿಗೆ ನೋಡಿ. ಅಂಬಲಿಗೆ ಬೆರೆಸುವ ಮಜ್ಜಿಗೆ, ಹೋಳಿಗೆ ಮೇಲಿನ ತುಪ್ಪ ತೆಗೆದರೆ ಉಳಿದ ಊಟವೆಲ್ಲ ನೆಲದಿಂದಲೇ ಬಂದದ್ದು. ನಮ್ಮದು ತೊಗರಿಯ ಕಣಜ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ.

ಲೆಕ್ಕವನ್ನೇ ಹಾಕೋಣ. 55 ಕಿಲೋ ತೂಗುವ ಹೆಂಗಸಿಗೆ ದಿನಕ್ಕೆ ಸುಮಾರು 46 ಗ್ರಾಂ ಸಸಾರಜನಕ, ಅಂದರೆ ಪ್ರೋಟೀನು ಬೇಕು. ಇದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದ ಪ್ರಮಾಣ. ನಾಲ್ಕು ರೊಟ್ಟಿಗೆ 200 ಗ್ರಾಂ ಜೋಳದ ಹಿಟ್ಟು ಹಿಡಿದರೆ ಅದರಲ್ಲಿ 20 ಗ್ರಾಂ. 60 ಗ್ರಾಂ ತೊಗರಿ ಬೇಳೆಯಲ್ಲಿ 13 ಗ್ರಾಂ. ಒಂದು ಹಿಡಿ ಶೇಂಗಾ, 30 ಗ್ರಾಂ ಅನ್ನಿ, ಅದರಲ್ಲಿ 7 ಗ್ರಾಂ. 30 ಗ್ರಾಂ ಹೆಸರುಕಾಳಿನಲ್ಲಿ 6 ಗ್ರಾಂಗಿಂತ ಹೆಚ್ಚು. ಕೂಡಿಸಿ ನೋಡಿ, 46 ಮುಟ್ಟಿತು! ಒಂದು ಹನಿ ಹಾಲೂ ಬೇಕಾಗಲಿಲ್ಲ. ಆದರೆ ಸಾರು ನೀರಾಗಿರಬಾರದು, ಬೇಳೆ ತಳದಲ್ಲಿ ಉಳಿದು ತಿಳಿ ಮಾತ್ರ ತಾಟಿಗೆ ಬಿದ್ದರೆ ಈ ಲೆಕ್ಕ ನಡೆಯುವುದಿಲ್ಲ.

ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ ವಿಷಯ ಮಾತ್ರ ಸ್ವಲ್ಪ ಬಿಗಿ. ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ ಬೇಕು. ಒಂದು ಲೋಟ ಹಾಲಿನಲ್ಲಿ ಸುಮಾರು 240 ಮಿಲಿಗ್ರಾಂ ಸಿಗುತ್ತದೆ. ಅದಿಲ್ಲದಾಗ ಏನು ಮಾಡಬೇಕು? ಎರಡು ದೊಡ್ಡ ಚಮಚ, ಅಂದರೆ 20 ಗ್ರಾಂ ಎಳ್ಳಿನಲ್ಲಿ ಸುಮಾರು 250 ಮಿಲಿಗ್ರಾಂ. 50 ಗ್ರಾಂ ರಾಗಿ ಹಿಟ್ಟಿನಲ್ಲಿ 180. ಒಂದು ದೊಡ್ಡ ಹಿಡಿ ನುಗ್ಗೆ ಸೊಪ್ಪಿನಲ್ಲಿ 150. ಜೋಳ, ಬೇಳೆ, ಅಗಸಿ ಸೇರಿ ಮತ್ತೊಂದು 150. ಇಷ್ಟಾದರೂ 1000 ತುಂಬಲಿಲ್ಲ. ಅದೂ ಅಲ್ಲದೆ ಎಳ್ಳಿನ ಸಿಪ್ಪೆಯಲ್ಲಿ ಆಕ್ಸಲೇಟ್ ಇರುವುದರಿಂದ ಅದರ ಸುಣ್ಣವೆಲ್ಲ ಮೈಗೆ ಹತ್ತುವುದಿಲ್ಲ. ಆದ್ದರಿಂದ ದಿನಾಲೂ ಸೊಪ್ಪು, ವಾರದಲ್ಲಿ ನಾಲ್ಕೈದು ದಿನ ರಾಗಿ ಇರಲೇಬೇಕು. ಕಡಿಮೆ ಬಿದ್ದರೆ ವೈದ್ಯರನ್ನು ಕೇಳಿ ಮಾತ್ರೆ ತೆಗೆದುಕೊಳ್ಳುವುದರಲ್ಲಿ ಸಂಕೋಚ ಬೇಡ.

ಕಬ್ಬಿಣದ ಅಂಶಕ್ಕೆ ಕಾಳು, ಸಜ್ಜಿ, ಸೊಪ್ಪು ಇವೆ. ಊಟದ ಮೇಲೆ ಲಿಂಬೆಹಣ್ಣು ಹಿಂಡಿಕೊಳ್ಳಿ, ಆಗ ಅದು ಮೈಗೆ ಚೆನ್ನಾಗಿ ಹತ್ತುತ್ತದೆ. ಊಟವಾದ ತಕ್ಷಣ ಚಹಾ ಕುಡಿದರೆ ಹತ್ತುವುದಿಲ್ಲ. ಒಂದು ತಾಸು ಬಿಡಿ. ಉಪ್ಪು ಅಯೋಡಿನ್ ಇರುವುದೇ ಬೇಕು, ಸೈಂಧವ ಲವಣದ ಹಿಂದೆ ಹೋಗಬೇಡಿ.

ಮರೆಯಲೇಬಾರದ್ದು: ಬಿ–12

ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ. ಬಿ–12 ಎನ್ನುವ ಜೀವಸತ್ತ್ವ ಕಾಳಿನಲ್ಲಿಲ್ಲ, ಸೊಪ್ಪಿನಲ್ಲಿಲ್ಲ, ಹಣ್ಣಿನಲ್ಲಿಲ್ಲ. ಅದನ್ನು ತಯಾರಿಸುವುದು ಸೂಕ್ಷ್ಮಜೀವಿಗಳು. ನಮಗೆ ಬರುವುದು ಹಾಲು, ಮೊಟ್ಟೆ, ಮಾಂಸದ ಮೂಲಕ. ಹಾಲೂ ಬಿಟ್ಟವರಿಗೆ ಊಟದಿಂದ ಅದು ಸಿಗುವ ದಾರಿಯೇ ಇಲ್ಲ. ಅಂಬಲಿ ಹುಳಿ ಬಂದರೂ, ಇಡ್ಲಿ ಹಿಟ್ಟು ಉಬ್ಬಿದರೂ ಅದರಿಂದ ಸಾಲುವಷ್ಟು ಬಿ–12 ಬರುತ್ತದೆಂದು ನಂಬಿಕೊಂಡು ಕೂಡಬೇಡಿ.

ಇದರ ಮೋಸ ಎಲ್ಲಿದೆ ಗೊತ್ತೇ? ಮೈಯಲ್ಲಿ ಕೂಡಿಟ್ಟ ಬಿ–12 ಎರಡು ಮೂರು ವರ್ಷ, ಕೆಲವರಿಗೆ ಇನ್ನೂ ಹೆಚ್ಚು ಕಾಲ ನಡೆಸುತ್ತದೆ. “ನೋಡವ್ವಾ, ಹಾಲು ಬಿಟ್ಟು ವರ್ಷ ಆತು, ನನಗೇನೂ ಆಗಿಲ್ಲ” ಎಂದು ಮಗಳು ಬೀಗುತ್ತಾಳೆ. ಆಮೇಲೆ ಮೆಲ್ಲಗೆ ಕೈಕಾಲು ಜುಮುಗುಡುತ್ತವೆ, ಅಂಗಾಲು ಉರಿಯುತ್ತದೆ, ಬಾಯಿ ಹುಣ್ಣಾಗುತ್ತದೆ, ಏದುಸಿರು ಬರುತ್ತದೆ, ಮರೆವು ಕಾಡುತ್ತದೆ. ಬಹಳ ದಿನ ಅಲಕ್ಷ್ಯ ಮಾಡಿದರೆ ನರಗಳಿಗೆ ಆದ ಪೆಟ್ಟು ಪೂರ್ತಿ ವಾಸಿಯಾಗದೆಯೂ ಉಳಿಯಬಹುದು.

ಉಪಾಯ ಸುಲಭ, ಅಗ್ಗವೂ ಹೌದು. ವೀಗನ್ ಸೊಸೈಟಿಯವರೇ ತಮ್ಮ ಜನರಿಗೆ ಹೇಳುವುದು ಇದು: ಬಿ–12 ಬೆರೆಸಿದ ಆಹಾರ ದಿನಾಲೂ ಸಿಗದಿದ್ದರೆ ದಿನಕ್ಕೆ ಕನಿಷ್ಠ 10 ಮೈಕ್ರೋಗ್ರಾಂ ಮಾತ್ರೆ, ಇಲ್ಲವೆ ವಾರಕ್ಕೊಮ್ಮೆ ಕನಿಷ್ಠ 2000 ಮೈಕ್ರೋಗ್ರಾಂ. ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ವೈದ್ಯರಿಗೆ ತೋರಿಸಿ, ರಕ್ತ ಪರೀಕ್ಷೆ ಮಾಡಿಸಿ, ಅವರು ಹೇಳಿದ್ದನ್ನು ಶುರು ಮಾಡಿ. ಮಗಳಿಗೆ ಈ ಒಂದು ಕರಾರು ಹಾಕಿ: “ಹಾಲು ಬಿಡು, ನಾ ಬ್ಯಾಡನ್ನಂಗಿಲ್ಲ. ಆದ್ರ ಮಾತ್ರೆ ತಪ್ಪಿಸಂಗಿಲ್ಲ.”

ಇನ್ನು ಆ ತಾಯಿಗೇ ಒಂದು ಪ್ರಶ್ನೆ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ನೀವು ದಿನಕ್ಕೆ ಎಷ್ಟು ಹಾಲು ಕುಡಿಯುತ್ತೀರಿ? ನಮ್ಮ ಮನೆಗಳ ಪದ್ಧತಿ ಎಲ್ಲರಿಗೂ ಗೊತ್ತು. ಗಟ್ಟಿ ಹಾಲು ಯಜಮಾನರಿಗೆ, ಲೋಟದ ಹಾಲು ಮಕ್ಕಳಿಗೆ, ಕೆನೆಮೊಸರು ಬಂದವರಿಗೆ. ಮನೆಯೊಡತಿಗೆ ಎರಡು ಕಪ್ಪು ಚಹಾದಲ್ಲಿ ಬಿದ್ದದ್ದು, ಮತ್ತೆ ಗಡಿಗೆ ತೊಳೆದ ನೀರು ಮಜ್ಜಿಗೆ! ಎರಡು ಕಪ್ಪು ಚಹಾದಲ್ಲಿ ಎಲ್ಲ ಸೇರಿ ಅರ್ಧ ಲೋಟ ಹಾಲಿದ್ದರೆ ಹೆಚ್ಚು. ಸುಣ್ಣದ ಅಂಶ 120 ಮಿಲಿಗ್ರಾಂ ಆಯಿತು, ಬಿ–12 ಹೆಸರಿಗೆ ಮಾತ್ರ. ಅಂದ ಮೇಲೆ ಮಗಳ ಬಗ್ಗೆ ನಿಮಗಿರುವ ಚಿಂತೆ ನಿಮ್ಮ ಬಗ್ಗೆ ಯಾರಿಗೆ ಇರಬೇಕು? ಮಗಳು ಪಟ್ಟುಹಿಡಿದು ಬಿಟ್ಟದ್ದನ್ನು ನೀವು ಬಾಯಿಬಿಡದೆ ಎಷ್ಟೋ ವರ್ಷದ ಹಿಂದೆಯೇ ಬಿಟ್ಟಿದ್ದೀರಿ. ಮೊಣಕಾಲು ನೋವು, ಅಂಗಾಲು ಉರಿ, ಸುಸ್ತು ಎಂದು ಗೋಡೆ ಹಿಡಿದು ಏಳುವ ಸೋದರಿಯರು ಎಷ್ಟು ಜನ ಇದ್ದೀರಿ! ಆಸ್ಪತ್ರೆಗೆ ಮಗಳೊಬ್ಬಳನ್ನೇ ಕಳಿಸಬೇಡಿ. ಜೊತೆಗೆ ಹೋಗಿ, ಇಬ್ಬರೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಈ ಕಾಗದಕ್ಕೆ ನಾನು ಕೊಡುವ ಮುಖ್ಯ ಉತ್ತರ ಇದೇ.

ಯಾರು ಅವಸರ ಮಾಡಬಾರದು?

ಬಸುರಿ, ಬಾಣಂತಿಯರು ವೈದ್ಯರನ್ನು ಕೇಳದೆ ಊಟ ಬದಲಿಸಬಾರದು. ತಾಯಿಯಲ್ಲಿ ಬಿ–12 ಇಲ್ಲದಿದ್ದರೆ ಮಗುವಿಗೂ ಕೊರತೆಯಾಗುತ್ತದೆ. ಎಳೆಗೂಸಿಗೆ ತಾಯಿಯ ಹಾಲೇ ಅಮೃತ; ಅದಿಲ್ಲದಾಗ ಶೇಂಗಾ ಹಾಲು, ಅಕ್ಕಿ ಗಂಜಿ ಕುಡಿಸಿ ಸಾಕುತ್ತೇನೆ ಎಂಬ ಸಾಹಸ ಯಾವತ್ತೂ ಬೇಡ. ಬೆಳೆಯುವ ಸಣ್ಣ ಮಕ್ಕಳ ಹಾಲು ಬಿಡಿಸುವುದಿದ್ದರೆ ಮಕ್ಕಳ ವೈದ್ಯರ ಮೇಲ್ವಿಚಾರಣೆ ಬೇಕೇ ಬೇಕು. ಸಕ್ಕರೆ ಕಾಯಿಲೆಗೆ, ಮೂತ್ರಪಿಂಡದ ತೊಂದರೆಗೆ ಔಷಧಿ ತೆಗೆದುಕೊಳ್ಳುವ ಹಿರಿಯರಿಗೂ ಇದೇ ಮಾತು.

ನಾಲ್ಕು ವಾರದಲ್ಲಿ ಹೀಗೆ ಶುರು ಮಾಡಿ

ಮೊದಲ ವಾರ ಏನನ್ನೂ ಬಿಡಬೇಡಿ. ಬರೀ ಲೆಕ್ಕ ಇಡಿ. ಹಾಲು ಎಲ್ಲೆಲ್ಲಿ ಒಳಗೆ ಬರುತ್ತದೆ? ಚಹಾ, ಮೊಸರು, ಒಗ್ಗರಣೆಯ ತುಪ್ಪ, ಬಿಸ್ಕಿಟು, ಪೇಢೆ. ಬಹಳ ಜನರಿಗೆ ಐದಾರು ಕಡೆಯಷ್ಟೇ ಇರುತ್ತದೆ. ಇದೇ ವಾರ ರಕ್ತ ಪರೀಕ್ಷೆಯೂ ಆಗಲಿ.

ಎರಡನೆಯ ವಾರ ಚಹಾ. ನಮ್ಮ ಕಡೆ ಇದೇ ದೊಡ್ಡ ಗುಡ್ಡ! ಕರಿ ಚಹಾಕ್ಕೆ ಶುಂಠಿ, ಲಿಂಬೆರಸ ಹಾಕಿ ರುಚಿ ಮಾಡಿಕೊಳ್ಳಬಹುದು. ಬಿಳಿ ಚಹಾನೇ ಬೇಕೆಂದರೆ ಶೇಂಗಾ ಹಾಲನ್ನು ಬೇರೆ ಬಿಸಿ ಮಾಡಿ, ಚಹಾ ಒಲೆಯಿಂದ ಇಳಿಸಿದ ಮೇಲೆ ಬೆರೆಸಿ. ಕೂಡಿ ಕುದಿಸಿದರೆ ಒಡೆಯುತ್ತದೆ.

ಮೂರನೆಯ ವಾರ ಮೊಸರು, ಮಜ್ಜಿಗೆ. 42 ಡಿಗ್ರಿ ಬಿಸಿಲಿನಲ್ಲಿ ಮಜ್ಜಿಗೆ ಇಲ್ಲದೆ ಹೇಗೆ ಅಂತೀರಿ. ಜೋಳದ ಹಿಟ್ಟಿನ ಅಂಬಲಿಯನ್ನು ರಾತ್ರಿ ಹುಳಿ ಬರಲು ಬಿಟ್ಟು, ಬೆಳಗ್ಗೆ ಕುದಿಸಿ ಆರಿಸಿ, ಜೀರಿಗೆ, ಉಪ್ಪು, ಉಳ್ಳಾಗಡ್ಡಿ ಹಾಕಿ ಕುಡಿಯಿರಿ. ಮಾವಿನಕಾಯಿ ಪಾನಕ, ಹುಣಸೆಹಣ್ಣಿನ ಪಾನಕವೂ ತಂಪು. ಮೊಸರಿನ ಬದಲು ಶೇಂಗಾ ಮೊಸರಿನ ವಿಧಾನ ಕೆಳಗಿದೆ.

ನಾಲ್ಕನೆಯ ವಾರ ಹೊರಗಿನ ತಿಂಡಿ. ಮಿರ್ಚಿ ಭಜಿ, ಸುಸಲಾ ತಿನ್ನಲು ಅಡ್ಡಿಯಿಲ್ಲ. ಖಾನಾವಳಿಯಲ್ಲಿ “ಬ್ಯಾಳಿಗಿ ತುಪ್ಪ ಹಾಕ್ಯಾರೇನ್ರೀ?” ಎಂದು ಕೇಳಿದರಾಯಿತು. ಅಂಗಡಿಯ ಪೊಟ್ಟಣ ಕೊಳ್ಳುವಾಗ ಮಾತ್ರ ಎಚ್ಚರ. ಹಸಿರು ಚುಕ್ಕೆ ಇದ್ದರೆ ಹಾಲಿಲ್ಲ ಎಂದರ್ಥವಲ್ಲ. ಹಾಲು, ಜೇನು ಇದ್ದರೂ ಹಸಿರು ಚುಕ್ಕೆ ಹಾಕುತ್ತಾರೆ. ಹಿಂದೆ ಸಣ್ಣ ಅಕ್ಷರದಲ್ಲಿ ಮಿಲ್ಕ್ ಸಾಲಿಡ್ಸ್, ಬಟರ್, ವೇ, ಕೇಸೀನ್ ಎಂದಿದ್ದರೆ ಅದೆಲ್ಲ ಹಾಲೇ. 2022ರಲ್ಲಿ ಸರ್ಕಾರ ವೀಗನ್ ಆಹಾರಕ್ಕೇ ಬೇರೆ ನಿಯಮ ತಂದಿದೆ. ಆ ಗುರುತಿನಲ್ಲಿ ಹಸಿರು ಬಣ್ಣದ ‘ವಿ’ ಅಕ್ಷರ, ಅದರ ತುದಿಗೆ ಎಲೆ ಇರುತ್ತದೆ. ಬಾದಾಮಿ ಹಾಲು, ಓಟ್ಸ್ ಹಾಲು ಎಂದು ಪೊಟ್ಟಣದಲ್ಲಿ ಬರುವುದಕ್ಕೆ ಬೆಲೆ ಬಹಳ, ನಮಗೆ ಅವಶ್ಯವೂ ಇಲ್ಲ. ತುಪ್ಪದ ಬದಲು ಡಾಲ್ಡಾ ಸುರಿಯುವುದೂ ಬೇಡ. ಶೇಂಗಾ ಎಣ್ಣೆ, ಕುಸುಬಿ ಎಣ್ಣೆ ಮನೆಯಲ್ಲೇ ಇದೆಯಲ್ಲ.

ರೇಷ್ಮೆ ಸೀರೆ, ಚರ್ಮದ ಚಪ್ಪಲಿಯೂ ಬೇಡ ಎನ್ನುವುದು ಈ ಪದ್ಧತಿಯ ಇನ್ನೊಂದು ಭಾಗ. ಇದ್ದದ್ದನ್ನು ಬಿಸಾಡುವ ಅಗತ್ಯವಿಲ್ಲ. ಹೊಸದು ಕೊಳ್ಳುವಾಗ ನೂಲಿನ ಸೀರೆ ನೋಡಿದರಾಯಿತು.

ಎರಡು ಒಲೆ ಬೇಡ

ಮಗಳಿಗಾಗಿ ತಾಯಿ ಬೇರೆ ಅಡುಗೆ ಮಾಡುತ್ತ ನಿಂತರೆ ಮೂರೇ ದಿನಕ್ಕೆ ಸಿಟ್ಟು ಬರುತ್ತದೆ. ಅಡುಗೆ ಒಂದೇ ಇರಲಿ. ಒಗ್ಗರಣೆ ಎಣ್ಣೆಯದು. ತುಪ್ಪ, ಮೊಸರು ಬೇಕಾದವರು ಮೇಲೆ ಹಾಕಿಕೊಳ್ಳಲಿ. ಹೋಳಿಗೆಯ ಹಿಟ್ಟನ್ನು ಎಣ್ಣೆಯಲ್ಲೇ ನಾದಿ. ತುಪ್ಪದ ಬಟ್ಟಲು ಪಕ್ಕದಲ್ಲಿರಲಿ. ಶೇಂಗಾ ನೆನೆಹಾಕುವುದು, ರುಬ್ಬುವುದು, ಹೆಪ್ಪು ಹಾಕುವುದು ಮಗಳ ಕೆಲಸ. ನಿಯಮ ಯಾರದೋ ದುಡಿಮೆಯೂ ಅವರದೇ ಇರಬೇಕು. ಅವಳು ಒಲೆ ಮುಂದೆ ನಿಂತು ಎಲ್ಲರಿಗೂ ಒಂದು ದಿನ ಉಣಬಡಿಸಿದರೆ ಅವರಪ್ಪನ ಮುನಿಸೂ ಅರ್ಧ ಇಳಿದೀತು.

ಮೂರು ಪಾಕ

ಶೇಂಗಾ ಮೊಸರು

ಒಂದು ಬಟ್ಟಲು ಶೇಂಗಾ ಆರಿಸಿಕೊಳ್ಳಿ. ಬೂಷ್ಟು ಹಿಡಿದದ್ದು, ಕಪ್ಪಾದದ್ದು ಒಂದೂ ಇರಬಾರದು, ಅದು ವಿಷ. ಐದು ತಾಸು ನೆನೆಸಿ, ಸಿಪ್ಪೆ ತಿಕ್ಕಿ ತೆಗೆದು, ನೆನೆಸಿದ ನೀರು ಚೆಲ್ಲಿ. ಮೂರು ಬಟ್ಟಲು ಹೊಸ ನೀರು ಹಾಕಿ ನುಣ್ಣಗೆ ರುಬ್ಬಿ, ತೆಳು ಅರಿವೆಯಲ್ಲಿ ಹಿಂಡಿ. ಈ ಹಾಲನ್ನು ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತ ಹತ್ತು ನಿಮಿಷ ಕುದಿಸಿ, ಇಲ್ಲದಿದ್ದರೆ ತಳ ಹತ್ತುತ್ತದೆ. ಉಗುರುಬೆಚ್ಚಗಾದಾಗ, ಮೊದಲ ಸಲದ ಹೆಪ್ಪಿಗೆ ತೊಳೆದ ಐದಾರು ಹಸಿಮೆಣಸಿನಕಾಯಿ ತೊಟ್ಟು ಹಾಕಿ ಮುಚ್ಚಿಡಿ. ಬೇಸಿಗೆಯಲ್ಲಿ ಆರೇಳು ತಾಸು, ಚಳಿಯಲ್ಲಿ ಹತ್ತು ಹನ್ನೆರಡು ತಾಸು ಬೇಕು. ಮುಂದಿನ ಸಲಕ್ಕೆ ಇದರದೇ ಒಂದು ಚಮಚ ಹೆಪ್ಪು ಸಾಕು. ಬಣ್ಣ ಬದಲಾದರೆ, ಕೆಟ್ಟ ವಾಸನೆ ಬಂದರೆ ಚೆಲ್ಲಿಬಿಡಿ. ಶೇಂಗಾದ ರುಚಿ ಇದ್ದೇ ಇರುತ್ತದೆ. ಸಾಸಿವೆ, ಕರಿಬೇವಿನ ಒಗ್ಗರಣೆ ಕೊಟ್ಟರೆ ಅನ್ನಕ್ಕೆ ಚೆನ್ನ. ಹಿಂಡಿ ಉಳಿದ ಚರಟವನ್ನು ಪಲ್ಯಕ್ಕೆ ಹಾಕಿ.

ಅಗಸಿ–ಎಳ್ಳಿನ ಹಿಂಡಿ

ಒಂದು ಬಟ್ಟಲು ಅಗಸಿ, ಅರ್ಧ ಬಟ್ಟಲು ಕರಿ ಎಳ್ಳು, ಬೇರೆ ಬೇರೆ ಹುರಿಯಿರಿ. ಅಗಸಿ ಚಟಚಟ ಸಿಡಿದು ನಿಲ್ಲಬೇಕು. ಎಂಟು ಒಣಮೆಣಸಿನಕಾಯಿ, ಒಂದು ಹಿಡಿ ಕರಿಬೇವು ಹುರಿದು, ಎಂಟು ಎಸಳು ಬೆಳ್ಳುಳ್ಳಿ, ಸ್ವಲ್ಪ ಹುಣಸೆಹಣ್ಣು, ಜೀರಿಗೆ, ಉಪ್ಪು ಸೇರಿಸಿ ತರಿತರಿಯಾಗಿ ಕುಟ್ಟಿ. ಅಗಸಿ ಹಿಟ್ಟು ಬೇಗ ಕಮಟು ವಾಸನೆ ಬರುವುದರಿಂದ ಹದಿನೈದು ದಿನಕ್ಕಾಗುವಷ್ಟೇ ಮಾಡಿ. ಮೀನು ತಿನ್ನದವರಿಗೆ ಬೇಕಾದ ಒಮೇಗಾ–3 ಕೊಬ್ಬು ಅಗಸಿಯಲ್ಲಿ ಧಾರಾಳ. ರೊಟ್ಟಿಗೆ ಹಚ್ಚಿಕೊಂಡು ದಿನಕ್ಕೆ ಎರಡು ಚಮಚ ಎಲ್ಲರೂ ತಿನ್ನಿರಿ, ಹಾಲು ಕುಡಿಯುವವರೂ ಸಹ!

ಕುಸುಬಿ ಹಾಲಿನ ಹುಗ್ಗಿ

ಪಟ್ಟಣದವರು ಗಿಡದ ಹಾಲು ಎಂದು ಹೊಸದಾಗಿ ಹೇಳುವುದನ್ನು ನಮ್ಮ ಅಜ್ಜಿಯರು ಕುಸುಬಿಯಿಂದ ಯಾವಾಗಲೋ ತೆಗೆದಿದ್ದರು. ಒಂದು ಬಟ್ಟಲು ಕುಸುಬಿಯನ್ನು ಕಲ್ಲು, ಮಣ್ಣು ಇಲ್ಲದಂತೆ ತೊಳೆದು ರಾತ್ರಿ ನೆನೆಹಾಕಿ. ಬೆಳಗ್ಗೆ ನೀರು ಹಾಕಿ ರುಬ್ಬಿ ಅರಿವೆಯಲ್ಲಿ ಹಿಂಡಿ. ಸಿಪ್ಪೆ ಬಿರುಸು, ಆದ್ದರಿಂದ ಎರಡು ಸಲ ಸೋಸಿ. ಎರಡೂವರೆ ಬಟ್ಟಲು ಬಿಳಿ ಹಾಲು ಬರುತ್ತದೆ. ಅರ್ಧ ಬಟ್ಟಲು ಗೋಧಿ ನುಚ್ಚನ್ನು ನೀರಿನಲ್ಲಿ ಮೆತ್ತಗೆ ಬೇಯಿಸಿ, ಮುಕ್ಕಾಲು ಬಟ್ಟಲು ಬೆಲ್ಲ ಕರಗಿಸಿ ಸೋಸಿ ಹಾಕಿ. ಕುಸುಬಿ ಹಾಲು ಬೆರೆಸಿ ಸಣ್ಣ ಉರಿಯಲ್ಲಿ ತಿರುವುತ್ತ ಗಟ್ಟಿಯಾಗುವ ತನಕ ಬೇಯಿಸಿ. ಏಲಕ್ಕಿ, ಒಣಶುಂಠಿ, ತುರಿದ ಒಣಕೊಬ್ಬರಿ ಹಾಕಿ ಇಳಿಸಿ. ತುಪ್ಪ ಇಲ್ಲದೆಯೂ ಇದಕ್ಕೆ ಎಣ್ಣೆಯಂಶದ ಹೊಳಪು ತಾನೇ ಬರುತ್ತದೆ. ಅತ್ತೆಯವರನ್ನು ಕೇಳಿ ನೋಡಿ, ಇದರ ಹದ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಮೊಮ್ಮಗಳಿಗೆ ಕಲಿಸುವ ನೆಪ ಅವರಿಗೂ ಸಿಕ್ಕೀತು.

ಮುಂದಿನ ಸಂಚಿಕೆಗೆ ನಿಮ್ಮಿಂದ ಒಂದು ಬೇಡಿಕೆ. ಹಾಲು, ತುಪ್ಪ ಹಾಕದೆ ನಿಮ್ಮ ಮನೆಯಲ್ಲಿ ಹಿಂದಿನಿಂದ ಮಾಡಿಕೊಂಡು ಬಂದ ಸಿಹಿ ಯಾವುದಿದೆ? ಅಳತೆ ಸಹಿತ ಒಂದು ಕಾರ್ಡಿನಲ್ಲಿ ಬರೆದು ಕಳಿಸಿ. ಚೆನ್ನಾಗಿರುವ ಮೂರನ್ನು ಇದೇ ಪುಟದಲ್ಲಿ ಹಾಕುತ್ತೇನೆ. ಕಾರ್ಡಿನ ತುದಿಗೆ ನಿಮ್ಮ ರಕ್ತ ಪರೀಕ್ಷೆ ಆಯಿತೋ ಇಲ್ಲವೋ ಅದನ್ನೂ ಒಂದು ಸಾಲು ಬರೆಯಿರಿ.